ಹೊಕ್ಕಳು ಕೊಯ್ದವಳ ಸಾಕ್ಷಿ

ನನ್ನ ಮೈದುನ ಈರಪ್ಪನನ್ನು ಯಾರೂ ಕೆಡಿಸಿರಲಿಲ್ಲ. ಅವನ ಬೆನ್ನು ಹರಿದು ಊರು ಬಿಡಿಸಿದ್ದು ನಮ್ಮದೇ ಮನೆಯ ಜನ. ಆದದ್ದು ಇಷ್ಟೇ. ಎಲ್ಲರೆದುರು ಅವನ ಪರವಾಗಿ ಬಾಯಿ ತೆರೆದವಳು ಸೂಲಗಿತ್ತಿ ಕಲ್ಲವ್ವ ಒಬ್ಬಳು.

ಕಲ್ಲವ್ವನ ಅಂಗೈ ಗಂಡಸಿನ ಅಂಗೈಯಷ್ಟು ಅಗಲ. ದವಡೆಯಲ್ಲಿ ಸದಾ ತಂಬಾಕು. ದೊಡವಾಡದ ಕಡೆಯ ನಮ್ಮ ಊರಿನಲ್ಲಿ ಮೀಸೆ ಬಂದವರನ್ನೂ ಅವರು ಹುಟ್ಟಿದ ರೀತಿಯಿಂದಲೇ ಕರೆಯುತ್ತಿದ್ದಳು. ಕಾಲು ಮೊದಲು ಬಂದವನು ‘ಕಾಲ್ಮುಂದಿನಾಂವ’, ಅಳದೆ ಬಂದವನು ‘ಮೂಗ’. ಯಾರಾದರೂ ಎದುರಾಡಿದರೆ, “ನಿನ್ನ ಹೊಕ್ಕಳ ಕೊಯ್ದಾಕಿ ನಾ. ದನಿ ಇಳಸು” ಅನ್ನುತ್ತಿದ್ದಳು. ಇಳಿಸುತ್ತಿದ್ದರು.

ಎಪ್ಪತ್ತರ ದಶಕದ ಮಾತು. ಈರಪ್ಪ ಬೈಲಹೊಂಗಲದಲ್ಲಿ ಹತ್ತಿ ಬೀಜ ಬಿಡಿಸುವ ಜಿನ್ನಿನ ಕೆಲಸಕ್ಕೆ ಹೋಗುತ್ತಿದ್ದ. ಮೂರನೆಯ ಹೆಣ್ಣನ್ನೂ ಒಲ್ಲೆ ಎಂದಾಗ ನನ್ನ ಮಾವ ಯಾಕೆಂದು ಕೇಳಿದರು. ಅವನು ಮುಚ್ಚಿಡಲಿಲ್ಲ.

“ನನಗ ಹೆಣ್ಣಿನ ಮ್ಯಾಲ ಮನಸಿಲ್ಲಪ್ಪಾ. ಜಿನ್ನಿನ್ಯಾಗ ಶಂಕ್ರಪ್ಪ ಅಂತ ಅದಾನ, ಅವನ ಕೂಡ ಬಾಳೇವು ಮಾಡತೇನಿ.”

ಹಿರಿಯರು ನಮ್ಮ ಅಂಗಳದಲ್ಲಿ ಕೂಡಿದರು. ಹುಟ್ಟಿನಿಂದ ಬಂದದ್ದಾದರೆ ಸವದತ್ತಿ ಗುಡ್ಡಕ್ಕೆ ಒಯ್ದು, ಸೀರೆ ಉಡಿಸಿ, ಜೋಗಪ್ಪನನ್ನಾಗಿ ದೇವಿಗೆ ಬಿಡುವುದು. ಕಲಿತದ್ದಾದರೆ ಬಡಿದು ಬಿಡಿಸುವುದು ಎಂದು ಮಾತಾಯಿತು.

“ನಾ ಗಂಡಸ ಅದೇನಿ, ಸೀರಿ ಯಾಕ ಉಡಲಿ?” ಎಂದ ಈರಪ್ಪ. ಅವನನ್ನು ಕೇಳಿದವರು ಯಾರು? ಸಾಕ್ಷಿಗೆ ಕಲ್ಲವ್ವನನ್ನು ಕರೆಸಿದರು.

“ಹುಟ್ಟಿದಾಗ ಇಂವ ಗಂಡು ಇದ್ದನೋ ಇಲ್ಲೋ?” ಎಂದರು ಮಾವ.

“ಗಂಡು ಹುಟ್ಟ್ಯಾನ. ಊರಿಗೆಲ್ಲಾ ಸಕ್ಕರಿ ಹಂಚೀರಿ, ಮರತೀರೇನು?”

“ಹಂಗಾರ ಕಲ್ತದ್ದ ಬಿಡು!” ಮಾವನ ಕೈಗೆ ಬಾರಕೋಲು ಬಂತು.

“ತಡೀರಿ ಗೌಡ್ರ. ಹೆಂಗಸರ ಮ್ಯಾಲ ಕಣ್ಣ ಹಾಕೂದು ನಿಮಗ ಯಾ ಸಾಲ್ಯಾಗ ಕಲಿಸಿದ್ರು?”

ಕೂತವರು ನಕ್ಕುಬಿಟ್ಟರು. ಆ ನಗುವಿನ ಸಿಟ್ಟೂ ಸೇರಿ ಈರಪ್ಪನ ಬೆನ್ನ ಮೇಲೆ ಬಿತ್ತು. ನನ್ನ ಗಂಡ ತಮ್ಮನ ಕೈ ಹಿಡಿದುಕೊಂಡಿದ್ದರು, ಬಿಡಿಸಲಿಕ್ಕಲ್ಲ. ಅದನ್ನು ನಾನು ಮರೆತಿಲ್ಲ, ಮರೆಯುವುದೂ ಇಲ್ಲ. ಅಂಗಿಯಿಲ್ಲದೆ ಹೋದ ಈರಪ್ಪ ತಿರುಗಿ ಬರಲಿಲ್ಲ.

ಕಲ್ಲವ್ವನನ್ನು ಯಾರೂ ಹೆರಿಗೆಗೆ ಕರೆಯಬಾರದೆಂದು ಮಾವ ಡಂಗುರ ಹೊಡೆಸಿದರು. ಅವಳು ರಾಮದುರ್ಗದ ಮಗಳ ಮನೆಗೆ ಹೊರಟಳು. ಬಸ್ಸಿನ ಹತ್ತಿರ ಹೋಗಿ ಕೇಳಿದೆ: “ಖರೇ ಹೇಳಬೇ, ಈರಪ್ಪಂದು ಹುಟ್ಟಿಂದೋ, ಕಲ್ತದ್ದೋ?”

“ನಾ ಹೊಕ್ಕಳ ಕೊಯ್ಯಾಕಿ, ಎದಿಯೊಳಗ ಹೊಕ್ಕ ನೋಡಿಲ್ಲ. ನನಗ ಕಂಡಂಗ ಹುಟ್ಟಿಂದು. ಬಡಿಯೂದು ಮಾತ್ರ ಕಲ್ತದ್ದು ನೋಡವ್ವಾ. ಯಾ ಕೂಸೂ ಬಾರಕೋಲ ಹಿಡಕೊಂಡು ಹೊರಗ ಬಂದಿಲ್ಲ.” ತಂಬಾಕು ಉಗುಳಿ ಬಸ್ಸು ಹತ್ತಿದಳು.

ನನಗಾಗ ದಿನ ತುಂಬಿದ್ದವು. ಆ ಸಂಜೆ ಮಾವ ಊಟಕ್ಕೆ ಕೂತು ಹೇಳಿದರು: “ಬೈಲಹೊಂಗಲದಿಂದ ನರ್ಸಬಾಯಿನ್ನ ಕರಸತೇನಿ. ಮೊಮ್ಮಗ ಬರ್ಲಿ, ಎಲ್ಲಾ ಸರಿ ಆಗತೈತಿ. ಈರಪ್ಪನ ಹೆಸರ ಮಾತ್ರ ಈ ಮನ್ಯಾಗ ಯಾರೂ ಎತ್ತಬಾರದು.”

ಮರುದಿನ ಬೆಳಿಗ್ಗೆ ಎರಡು ಹಳೆಯ ಸೀರೆ ಗಂಟು ಕಟ್ಟಿಕೊಂಡು ಹೋಗಿ ರಾಮದುರ್ಗದ ದಾರಿಯ ಬಸ್ಸಿನಲ್ಲಿ ಕೂತೆ. ಮಾವ ಧೋತರ ಎತ್ತಿ ಹಿಡಿದು ಓಡಿ ಬಂದರು.

“ಎಲ್ಲಿಗವ್ವಾ, ಈ ಹೊಟ್ಟಿ ಹೊತ್ಕೊಂಡು?”

“ಕಲ್ಲವ್ವನ ಕೈಯಾಗ ಹಡ್ಯಾಕ್ರಿ. ಗಂಡಾದರ ಈರಪ್ಪ ಅಂತ ಹೆಸರಿಡತೇನಿ. ಮೊಮ್ಮಗನ್ನ ಎತ್ಕೋಬೇಕಂದ್ರ ದಿನಾ ಆ ಹೆಸರ ಕೂಗ್ರಿ.”

ಕಂಡಕ್ಟರನ ಕಡೆ ತಿರುಗಿ, “ರೈಟ್ ಹೇಳಪಾ” ಅಂದೆ.