ಲೇಡೀಸ್ ಡಬ್ಬಿಯ ತವರುಮನೆ

ಮುಂಬಯಿ ಹತ್ತಿರದ ಟಿಟ್ವಾಳಾಕ್ಕೆ ಬಂದ ಹೊಸತರಲ್ಲಿ ನಾನು ಮಾತೇ ಆಡುತ್ತಿರಲಿಲ್ಲ ಎಂದರೆ ಉಡುಪಿಯಲ್ಲಿ ನನ್ನನ್ನು ಬಲ್ಲವರು ಯಾರೂ ನಂಬುವುದಿಲ್ಲ. ಅಲ್ಲಿ ನಾನು ಬಾಯಿ ಮುಚ್ಚಿದ್ದೇ ಕಡಿಮೆ. ಇಲ್ಲಿ ಮರಾಠಿ ಬಾರದು, ಹಿಂದಿಯೋ ಶಾಲೆಯ ಪುಸ್ತಕದ್ದು. ತರಕಾರಿಯವನು ಕೂಡ ನನ್ನ ಹಿಂದಿ ಕೇಳಿ ನಗುತ್ತಿದ್ದ. ಗಂಡನಿಗೆ ಭಿವಂಡಿಯ ಒಂದು ಗೋಡೌನಿನಲ್ಲಿ ಪಾಳಿ ಕೆಲಸ. ಅವರು ಮನೆಯಲ್ಲಿರುವಾಗ ನಿದ್ದೆಯಲ್ಲಿರುತ್ತಿದ್ದರು.

ಠಾಣೆ ನಗರದ ಘೋಡಬಂದರ್ ರಸ್ತೆಯ ಒಂದು ಕಚೇರಿಯಲ್ಲಿ ಲೆಕ್ಕಪತ್ರದ ಕೆಲಸ ಸಿಕ್ಕಿತು. ಮೊದಲ ದಿನ ಲೋಕಲ್‌ನ ಲೇಡೀಸ್ ಡಬ್ಬಿ ಹತ್ತಿ, ಖಾಲಿ ಇದ್ದ ಕಿಟಕಿ ಪಕ್ಕದ ಸೀಟಿನಲ್ಲಿ ಹೆಮ್ಮೆಯಿಂದ ಕುಳಿತೆ. ಹಿಂದೆಯೇ ಬಂದ ದಪ್ಪ ಕನ್ನಡಕದ ಮರಾಠಿ ಹೆಂಗಸು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಊಠ್! ಹೀ ಮಾಝೀ ಜಾಗಾ ಆಹೆ" ಎಂದು ಗದರಿದರು. ಎದ್ದು ನಿಂತೆ. ಅಳು ಬಂತು.

"ಅಯ್ಯೋ ದೇವ್ರೇ, ಇಲ್ಲಿ ಕೂತ್ಕೊಳ್ಳಿಕ್ಕೂ ಕೇಳ್ಬೇಕಾ?" ಎಂದು ನನ್ನಷ್ಟಕ್ಕೆ ಗೊಣಗಿದೆ.

ಎದುರಿನ ಸೀಟಿನಲ್ಲಿ ಮೆಂತ್ಯದ ಸೊಪ್ಪು ಬಿಡಿಸುತ್ತಿದ್ದ ಐವತ್ತರ ಆಸುಪಾಸಿನ ಹೆಂಗಸು ತಲೆಯೆತ್ತಿದರು. "ಏ ತಂಗಿ, ಕನ್ನಡದಾಕಿ ಏನ ನೀ? ಬಾ, ಇಲ್ಲೆ ಕೂಡು. ಸ್ವಲ್ಪ ಸರಕೋರಿ" ಎಂದು ಪಕ್ಕದವರನ್ನು ಸರಿಸಿ ಮೂವರ ಸೀಟಿನಲ್ಲಿ ನಾಲ್ಕನೆಯವಳಾಗಿ ನನ್ನನ್ನು ತುರುಕಿಕೊಂಡರು. ಅವರು ವಿಜಯಪುರದ ಕಡೆಯವರು, ಮನೆ ಟಿಟ್ವಾಳಾದಲ್ಲೇ, ಠಾಣೆಯ ಒಂದು ಸರ್ಕಾರಿ ಕಚೇರಿಯಲ್ಲಿ ಗುಮಾಸ್ತೆ. ಅಂದಿನಿಂದ ನನಗೆ ಅಕ್ಕ. ಗದರಿದ ಮರಾಠಿ ಹೆಂಗಸನ್ನು ಎಲ್ಲರೂ ತಾಯಿ ಎನ್ನುತ್ತಿದ್ದರು. ಮರಾಠಿಯಲ್ಲಿ ತಾಯಿ ಎಂದರೆ ಅಕ್ಕ ಎಂದು ತಿಳಿಯುವವರೆಗೆ, ಇಷ್ಟೊಂದು ಮಕ್ಕಳು ಇವರಿಗೆ ಹೇಗೆ ಎಂದು ನಾನು ಬೆರಗಾಗಿದ್ದೆ.

ಠಾಣೆಯಲ್ಲಿ ಇಳಿಯಲು ದಿವಾ ಸ್ಟೇಷನ್ ಬಂದಾಗಲೇ ಏಳಬೇಕು, ಬ್ಯಾಗು ಎದೆಗೆ ಹಾಕಿಕೊಳ್ಳಬೇಕು, ಜನ ನುಗ್ಗುವ ಡೊಂಬಿವಲಿಯಲ್ಲಿ ಬಾಗಿಲ ಹತ್ತಿರ ನಿಲ್ಲಲೇಬಾರದು: ಎಲ್ಲವನ್ನೂ ಅವರಿಬ್ಬರೇ ಕಲಿಸಿದರು. ನಾನು ಮರಾಠಿ ಕಲಿತದ್ದೂ ಅಲ್ಲಿಯೇ. ಅದಕ್ಕೇ ಇಂದಿಗೂ ಜಗಳದ ಮಾತುಗಳು ನನಗೆ ಚೆನ್ನಾಗಿ ಬರುತ್ತವೆ.

ಎರಡನೆಯ ವರ್ಷ ಗರ್ಭಿಣಿಯಾದೆ. ಏಳನೆಯ ತಿಂಗಳಲ್ಲಿ ಸೀಮಂತ ಮುಗಿಸಿ ಊರಿಗೆ ಹೋಗುವುದೆಂದು ಮಾತಾಗಿತ್ತು. ಅಷ್ಟರಲ್ಲಿ ಅಮ್ಮ ಬಚ್ಚಲಲ್ಲಿ ಜಾರಿ ಕಾಲು ಮುರಿದುಕೊಂಡರು. ಫೋನಿನಲ್ಲಿ ಅವರದ್ದು ಒಂದೇ ಮಾತು, "ಅಲ್ಲಿ ನಿಂಗೆ ಯಾರಿದ್ದಾರೆ ಮಗಾ?" ಈ ಸಂಗತಿಯನ್ನು ಅಕ್ಕನಿಗೆ ಹೇಳಿದೆ. ಅವರು ಹೂಂ ಎಂದು ಮತ್ತೆ ಸೊಪ್ಪು ಬಿಡಿಸತೊಡಗಿದರು.

ಮುಂದಿನ ಶುಕ್ರವಾರ ಡಬ್ಬಿ ಹತ್ತಿದಾಗ ಕಿಟಕಿ ಪಕ್ಕದ ಸೀಟಿಗೆ ಹಸಿರು ಸೀರೆ ಹೊದಿಸಿದ್ದರು. ಮೇಲಿನ ಹಿಡಿಕೆಗಳಿಗೆಲ್ಲ ಚೆಂಡುಹೂವಿನ ಮಾಲೆ. ತಾಯಿ ನನ್ನ ಭುಜ ಹಿಡಿದು ತಮ್ಮ ಜಾಗದಲ್ಲೇ ಕೂರಿಸಿದರು. ಅಕ್ಕ ಕೈತುಂಬ ಹಸಿರು ಬಳೆ ತೊಡಿಸಿ, ತೆಂಗಿನಕಾಯಿ, ಕುಪ್ಪಸದ ಬಟ್ಟೆ, ಅಕ್ಕಿಯಿಂದ ಉಡಿ ತುಂಬಿದರು. ಡೊಂಬಿವಲಿ ಬಂದಾಗ ಹೆಂಗಸರು ಕೈಗೆ ಕೈ ಹಿಡಿದು ನನ್ನ ಸುತ್ತ ಗೋಡೆಯಾದರು. ನುಗ್ಗಿ ಬಂದವರು ಹೂವು ನೋಡಿ ಒಂದು ಗಳಿಗೆ ನಿಂತರು. ನಂತರ ಗುರುತೇ ಇಲ್ಲದವರು ಕೂಡ ಕೈ ಚಾಚಿ ನನ್ನ ಹಣೆಗೆ ಕುಂಕುಮವಿಟ್ಟರು.

ಅಮ್ಮನಿಗೆ ವೀಡಿಯೊ ಕಾಲ್ ಮಾಡಿದೆ.

"ಅದು ಯಾರ ಮನೆ ಮಗಾ? ಎಷ್ಟು ಜನ ಮಾರಾಯ್ತಿ!"

"ಮನೆ ಅಲ್ಲ ಅಮ್ಮ, ರೈಲು."

ಅಮ್ಮ ಮೊದಲು ನಕ್ಕರು, ಆಮೇಲೆ ಸೆರಗಿನಲ್ಲಿ ಕಣ್ಣೊರೆಸಿಕೊಂಡರು. ಅಕ್ಕ ಫೋನು ಕಸಿದುಕೊಂಡು, "ಯವ್ವಾ, ನೀವು ಕಾಲು ನೋಡಿಕೊಳ್ರಿ. ಈಕಿನ್ನ ನಾವು ನೋಡಿಕೋತೀವಿ" ಎಂದರು.

ಅದು ಬರೀ ಮಾತಾಗಿರಲಿಲ್ಲ. ಹೆರಿಗೆ ನೋವು ಬಂದದ್ದು ಒಂದು ಭಾನುವಾರದ ಬೆಳಿಗ್ಗೆ. ಗಂಡ ಭಿವಂಡಿಯಲ್ಲಿದ್ದರು. ಫೋನಿನಲ್ಲಿ ಹೊರಟೆ ಎಂದರು, ಆದರೆ ಲಾರಿಗಳ ಸಾಲಿನ ನಡುವೆ ಸಿಕ್ಕಿಬಿದ್ದರು. ವಿಷಯ ತಿಳಿಸಿದ್ದೇ ತಡ, ಅಕ್ಕ ನೈಟಿಯ ಮೇಲೆ ಸ್ವೆಟರ್ ಹಾಕಿಕೊಂಡೇ ರಿಕ್ಷಾ ತಂದರು. ಕಲ್ಯಾಣದ ಆಸ್ಪತ್ರೆಯವರೆಗೂ ಪ್ರತಿ ಹೊಂಡಕ್ಕೂ ಚಾಲಕನನ್ನು ಬೈಯುತ್ತ, ನನ್ನ ಬೆನ್ನು ತಿಕ್ಕುತ್ತ, "ಅಂಜಬ್ಯಾಡ, ನಾ ಅದೀನಲ್ಲ" ಎನ್ನುತ್ತಲೇ ಇದ್ದರು. ಅಂಜಿಕೆ ಹೋಗಲಿಲ್ಲ. ಆದರೆ ಒಂಟಿ ಎನ್ನಿಸಲಿಲ್ಲ.

ಗಂಡ ಓಡೋಡಿ ಬರುವಷ್ಟರಲ್ಲಿ ಮಗಳು ಅಕ್ಕನ ಮಡಿಲಲ್ಲಿ ಮಲಗಿದ್ದಳು. ಅಕ್ಕನ ಸುದ್ದಿ ದಿನವೂ ಕೇಳಿದ್ದರೂ ಗಂಡ ಅವರ ಮುಖ ನೋಡಿದವರಲ್ಲ. ಬಾಗಿಲಲ್ಲೇ ನಿಂತು, "ನೀವು ಯಾರು?" ಎಂದರು.

ಅಕ್ಕ ತಲೆ ಕೂಡ ಎತ್ತಲಿಲ್ಲ. "ನಾನಾ? ನಾ ಈಕಿ ತವರುಮನಿಯಾಕಿ. ಕೈ ತೊಳಕೊಂಡು ಬರ್ರಿ, ಕೂಸಿನ್ನ ಕೊಡತೀನಿ."

ಬಾಣಂತನಕ್ಕೆ ಅಕ್ಕ ಅಂಟಿನುಂಡೆ ಕಟ್ಟಿ ತಂದರು. ತಾಯಿ ವಾರಕ್ಕೊಮ್ಮೆ ಬಂದು ಮಗುವಿಗೆ ಎಣ್ಣೆ ತಿಕ್ಕಿ, ನನ್ನನ್ನು ಎಂದಿನಂತೆ ಗದರಿ ಹೋಗುತ್ತಿದ್ದರು.

ಮಗಳು ಈಗ ಶಾಲೆಗೆ ಹೋಗುತ್ತಾಳೆ. ನಾನು ಕನ್ನಡದಲ್ಲಿ ಕೇಳಿದರೆ ಮರಾಠಿಯಲ್ಲಿ ಉತ್ತರ ಕೊಡುತ್ತಾಳೆ. ಮನೆಯಲ್ಲಿ ನಾನೂ ಗಂಡನೂ ಆಡುವ ತುಳು ಅವಳಿಗೆ ಅರ್ಥವಾಗುತ್ತದೆ, ಬಾಯಿಗೆ ಬಾರದು. ಸಿಟ್ಟು ಬಂದಾಗ ಮಾತ್ರ ಕನ್ನಡವೇ ಬರುತ್ತದೆ, ಅದೂ ಅಪ್ಪಟ ವಿಜಯಪುರದ್ದು. ಮೊನ್ನೆ ತಟ್ಟೆಗೆ ನೀರುದೋಸೆ ಹಾಕಿದರೆ, ಸೊಂಟದ ಮೇಲೆ ಕೈಯಿಟ್ಟು, "ನನಗ ಇದು ಬ್ಯಾಡ, ರೊಟ್ಟಿ ಮಾಡಿಕೊಡು" ಎಂದಳು. ಗಂಡ ನಕ್ಕು ನಕ್ಕು ಕೆಮ್ಮಿದರು. ಬೈಯಬೇಕೆಂದು ಬಾಯಿ ತೆರೆದ ನಾನೂ ನಕ್ಕುಬಿಟ್ಟೆ, ಜೋಳದ ಹಿಟ್ಟಿನ ಡಬ್ಬಿ ತೆಗೆದೆ.