ನಂಬರಿಲ್ಲದ ಸಾಲುಗಳು

ಇವತ್ತು ಸವಳಂಗ ರಸ್ತೆಯ ಸೈಬರ್ ಕೆಫೆಯ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಹೋದೆ. ಅಂಗಾಲಿಗೆ ತಣ್ಣನೆಯ ನೆಲ ತಾಗಿದ್ದೇ ತಡ, ಜನ್ನಾಪುರದಲ್ಲಿ ನಾನು ಹೀಗೇ ಚಪ್ಪಲಿ ಬಿಟ್ಟು ಹೋಗುತ್ತಿದ್ದ ಕಂಪ್ಯೂಟರ್ ಕ್ಲಾಸು ನೆನಪಾಯಿತು.

ಅಲ್ಲಿದ್ದದ್ದು ಒಂದೇ ಕಂಪ್ಯೂಟರು. ವಾರಕ್ಕೆ ಒಬ್ಬರಿಗೆ ಹತ್ತೇ ನಿಮಿಷ. ಉಳಿದಂತೆ ಬೇಸಿಕ್ ಎಂಬ ಕಂಪ್ಯೂಟರ್ ಭಾಷೆಯ ಪ್ರೋಗ್ರಾಮನ್ನು ರೆಕಾರ್ಡ್ ಪುಸ್ತಕದಲ್ಲಿ ಬರೆಯಬೇಕು. ಸಾಲಿನ ನಂಬರು ಕೆಂಪು ಮಾರ್ಜಿನ್ನಿನ ಹೊರಗೆ, ಮಿಕ್ಕದ್ದು ಒಳಗೆ. "ಬರೆದದ್ದೇ ನೇರ ಓಡುತ್ತೆ, ರನ್ ಅಂದ್ರೆ ಸಾಕು" ಅನ್ನುತ್ತಿದ್ದರು ಸರ್. ಚುಕ್ಕಿಗಳಲ್ಲಿ ಮನೆ ಮೂಡಿಸುವ ಪ್ರೋಗ್ರಾಮನ್ನು ನಾನೇ ಬರೆದಿದ್ದೆ. ಆ ಮನೆಯನ್ನು ಪರದೆಯ ಮೇಲೆ ನೋಡಲು ವಾರವಿಡೀ ಕಾದಿದ್ದೆ.

ನನ್ನ ಸರದಿ ಬಂದಾಗ ಗೆಳತಿ ಶೈಲಾ ಪುಸ್ತಕ ನೋಡಿ ಓದಿದಳು, ನಾನು ಟೈಪ್ ಮಾಡಿದೆ. ಅವಳು ಮಾರ್ಜಿನ್ನಿನ ಒಳಗಿದ್ದದ್ದನ್ನಷ್ಟೇ ಓದಿದಳು. ನಂಬರಿಲ್ಲದ ಸಾಲನ್ನು ಬೇಸಿಕ್ ಆಗಿಂದಾಗಲೇ ನಡೆಸಿ ಮರೆತುಬಿಡುತ್ತದೆ ಎಂದು ನಮಗೆ ಗೊತ್ತಿರಲಿಲ್ಲ. ಪ್ರತಿ ಸಾಲಿನ ಕೆಳಗೂ ಮನೆಯ ಒಂದು ಚೂರು ಬಂತು.

"ಒಂದೊಂದೇ ಇಟ್ಟಿಗೆ ಬರ್ತಿದೆಯಲ್ಲೇ ಮಾರಾಯ್ತಿ, ಮೇಸ್ತ್ರಿ ಸಿಕ್ಕಿಲ್ವಾ?" ಎಂದಳು ಶೈಲಾ.

ಸರ್ ಬಂದು ಪರದೆ ಅಳಿಸಿ ರನ್ ಕೊಟ್ಟರು. ಏನೂ ಬರಲಿಲ್ಲ.

"ಪ್ರೋಗ್ರಾಮೇ ಇಲ್ವಲ್ಲಮ್ಮ. ಇಷ್ಟೊತ್ತು ಹರಟೆ ಹೊಡೀತಿದ್ರಾ? ಏಳಿ."

ಓಡಿತು ಸರ್, ಚೂರುಚೂರಾಗಿ ಓಡಿತು ಎನ್ನಬೇಕಿತ್ತು. ಪುಸ್ತಕ ಎತ್ತಿಕೊಂಡು ಎದ್ದೆ. ಮುಂದಿನ ವಾರ ಕಂಪ್ಯೂಟರು ರಿಪೇರಿಗೆ ಹೋಯಿತು, ಕ್ಲಾಸು ಮುಗಿಯುವವರೆಗೂ ವಾಪಸು ಬರಲಿಲ್ಲ. ಕೊನೆಗೆ ಸರ್ ರೆಕಾರ್ಡ್ ನೋಡಿ, ಬರಹ ದುಂಡಗಿದೆ ಎಂದು ಹತ್ತಕ್ಕೆ ಹತ್ತು ಕೊಟ್ಟರು.

ಅಮ್ಮ ಈಗಲೂ ಆ ರೆಕಾರ್ಡ್ ಪುಸ್ತಕವನ್ನು ಬೀರುವಿನಿಂದ ತೆಗೆದು ಬಂದವರಿಗೆಲ್ಲ ತೋರಿಸುತ್ತಾಳೆ. ನನಗೆ ಮೈ ಉರಿಯುತ್ತದೆ. ಆದರೂ ಕಾಫಿ ತರಲು ಒಳಗೆ ಹೋಗುತ್ತೇನೆ.