ಸರ್ವರ್ ಏಳುವವರೆಗೆ ಕಾಯಿಸಿದವನು

ರಕ್ತದಾನಿಗಳ ವೆಬ್‌ಸೈಟ್ ನಡೆಸುವವನೆಂದು ಮೂಡುಬಿದಿರೆಯಲ್ಲಿ ನಾಲ್ಕು ಜನ ನನಗೆ ಮರ್ಯಾದೆ ಕೊಡುತ್ತಾರೆ. ಬಂಟ್ವಾಳ, ಬೆಳ್ತಂಗಡಿ ಕಡೆಯವರೂ ಅದರಲ್ಲಿ ಹೆಸರು ಬರೆಸಿದ್ದಾರೆ. ಮೈಕ್ ಸಿಕ್ಕಿದಲ್ಲೆಲ್ಲ, "ಹೆಸರು ಕೊಟ್ಟರೆ ಸಾಲದು, ಫೋನ್ ಬಂದಾಗ ಎದ್ದು ಹೊರಡಬೇಕು" ಎಂದು ಭಾಷಣ ಬಿಗಿಯುತ್ತಿದ್ದೆ. ಈಗ ಮೈಕ್ ಕಂಡರೆ ದೂರ ಹೋಗಿ ಕೂರುತ್ತೇನೆ.

ಆ ಸೈಟ್ ಇದ್ದದ್ದು ಬಾಡಿಗೆಗೆ ಸಿಗುವ ಸರ್ವರ್‌ಗಳಲ್ಲೇ ಅತಿ ಅಗ್ಗದ, ಅರ್ಧ ಜಿಬಿ ಮೆಮೊರಿಯ ಒಂದರಲ್ಲಿ. ಅದರ ಆಪರೇಟಿಂಗ್ ಸಿಸ್ಟಮ್ ತೀರಾ ಹಳತಾಗಿತ್ತು. ಒಂದು ಭಾನುವಾರ ಬೆಳಿಗ್ಗೆ ಚಾ ಕುಡಿದು ಅಪ್‌ಗ್ರೇಡ್‌ಗೆ ಹಾಕಿದೆ. ಊಟದೊಳಗೆ ಮುಗಿದೀತು ಅಂದುಕೊಂಡಿದ್ದೆ. ಎಲ್ಲಿ! ಜಪ್ಪಯ್ಯ ಅಂದರೂ ಅಲ್ಲಾಡದೆ ಒಂದೇ ಸಾಲಿನಲ್ಲಿ ನಿಂತುಬಿಟ್ಟಿತು. ಸರ್ವರ್ ಕಂಪನಿಯವರಿಗೆ ಖಾರವಾಗಿ ಬರೆದೆ. ಆಮೇಲೆ ನೋಡಿದರೆ ತಪ್ಪು ನನ್ನದೇ. ಮೆಮೊರಿ ತುಂಬಿದಾಗ ಡಿಸ್ಕ್‌ನಲ್ಲಿ ಸ್ವಲ್ಪ ಜಾಗ ಬಳಸಿಕೊಳ್ಳಲು ಇಡಬೇಕಾದ ಸ್ವಾಪ್ ಫೈಲನ್ನೇ ನಾನು ಇಟ್ಟಿರಲಿಲ್ಲ. ಅದನ್ನು ಮಾಡಿದೆ, ಮೆಮೊರಿ ತಿನ್ನುತ್ತಿದ್ದ ಡೇಟಾಬೇಸನ್ನು ನಿಲ್ಲಿಸಿದೆ. ಸೈಟ್ ಮುಚ್ಚಿತು, ಅಪ್‌ಗ್ರೇಡ್ ತೆವಳತೊಡಗಿತು. ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಆಗ ಫೋನ್ ಬಂತು. ಮಾಡಿದವರು ಪುಂಜಾಲಕಟ್ಟೆ ಕಡೆಯ ಒಬ್ಬರು, ಆಸ್ಪತ್ರೆಯಲ್ಲಿ ಯಾರೋ ನನ್ನ ನಂಬರ್ ಕೊಟ್ಟಿದ್ದರಂತೆ. ಹೆಂಡತಿಯನ್ನು ಆಪರೇಷನ್‌ಗೆಂದು ನಮ್ಮೂರಿನ ಆಸ್ಪತ್ರೆಗೆ ತಂದಿದ್ದರು. ಓ ನೆಗೆಟಿವ್ ರಕ್ತ ಸಿಗದೆ ಡಾಕ್ಟರು ಕಾಯುತ್ತಿದ್ದರು.

"ಸರ್, ನಿಮ್ಮ ಸೈಟ್ ಓಪನ್ ಆಗುವುದಿಲ್ಲ."

"ಅಪ್‌ಗ್ರೇಡ್ ಆಗ್ತಾ ಉಂಟು ಮಾರಾಯ್ರೆ. ಅರ್ಧ ಗಂಟೆ ಕೊಡಿ, ಸರಿ ಮಾಡಿ ಕೊಡ್ತೇನೆ."

ಅರ್ಧ ಗಂಟೆ ಹೋಯಿತು, ಇನ್ನೊಂದೂ ಹೋಯಿತು. ಅವರು ಮತ್ತೆ ಫೋನ್ ಮಾಡಿದಾಗ ನನಗೆ ಸಿಟ್ಟು ನೆತ್ತಿಗೇರಿತು. "ನಾನೇನು ಸುಮ್ಮನೆ ಕೂತಿದ್ದೇನಾ? ಊಟ ಸಹ ಮಾಡಿಲ್ಲ!" ಎಂದು ರೇಗಿದೆ. ಪಾಪ, ಅವರೇ "ಸಾರಿ ಸರ್" ಅಂದರು. ದಾನಿಗಳ ವಿವರ ಆ ಸರ್ವರ್ ಬಿಟ್ಟು ಬೇರೆಲ್ಲೂ ಇರಲಿಲ್ಲ. ಆ ಹೆಂಗಸು ಉಳಿಯಬೇಕಾದರೆ ಸರ್ವರ್ ಏಳಲೇಬೇಕೆಂದು ನಾನು ತೀರ್ಮಾನ ಮಾಡಿಬಿಟ್ಟಿದ್ದೆ.

ಮೂರನೇ ಸಲ ಮಾತಾಡಿದ್ದು ಅವರ ತಾಯಿ. "ಮಗಾ, ಕಂಪ್ಯೂಟರಿನ ವಿಷಯ ನನಗೆ ಗೊತ್ತಾಗುವುದಿಲ್ಲ. ನಿನ್ನ ರಕ್ತ ಯಾವುದು?"

"ಓ ನೆಗೆಟಿವ್," ಅಂದೆ.

ಬಾಯಿಂದ ಬಿದ್ದ ಮೇಲೆಯೇ ಅದು ನನಗೆ ಕೇಳಿಸಿದ್ದು. ದೇವರೇ! ಹಿಂದೆ ಎರಡು ಸಲ ರಕ್ತ ಕೊಟ್ಟವನು ನಾನು. ಆಸ್ಪತ್ರೆಯೋ, ಮನೆಯಿಂದ ನಡೆದು ಹೋಗುವಷ್ಟು ಹತ್ತಿರ. ಇಷ್ಟು ಹೊತ್ತು ನಾನೂ ಒಬ್ಬ ದಾನಿ ಎಂಬುದು ತಲೆಗೆ ಹೊಳೆದೇ ಇರಲಿಲ್ಲ. ನಾಚಿಕೆಯಿಂದ ನನ್ನ ಕಿವಿ ಬಿಸಿಯಾಯಿತು.

"ಬರ್ತೀಯಾ?"

"ಈಗಲೇ ಬರ್ತೇನೆ ಅಮ್ಮಾ."

ದಾರಿಯಲ್ಲಿ ಎರಡು ಬನ್ಸ್ ತಿಂದು ಓಡಿದೆ. ರಕ್ತ ಕೊಟ್ಟು ಎದ್ದಾಗ, ಫೋನ್ ಮಾಡಿದ್ದ ಮಗ ಬಂದು ನನ್ನ ಎರಡೂ ಕೈ ಹಿಡಿದುಕೊಂಡರು. ಕಣ್ಣು ತುಂಬಿಕೊಂಡು ನರ್ಸಿಗೆ ಹೇಳಿದರು: "ಸೈಟ್ ಮಾಡಿದವರು ಇವರೇ. ನಮಗೋಸ್ಕರ ಊಟ ಬಿಟ್ಟು ಕೂತಿದ್ರು. ಯಾರೂ ಸಿಗದೆ ಕೊನೆಗೆ ತಾವೇ ಬಂದ್ರು."

ಹಾಗಲ್ಲ ಎನ್ನಲು ಹೊರಟೆ. ಅಷ್ಟರಲ್ಲಿ ಅವರ ಅಮ್ಮ ಜ್ಯೂಸಿನ ಪ್ಯಾಕೆಟ್ ನನ್ನ ಕೈಗಿಟ್ಟರು. "ಕುಡಿ ಮಗಾ, ಇಲ್ಲದಿದ್ದರೆ ತಲೆ ತಿರುಗುತ್ತದೆ."

ಸಂಜೆ ಆಪರೇಷನ್ ಆಯಿತು, ಆ ಹೆಂಗಸು ಉಳಿದರು. ಹಬ್ಬ ಬಂದರೆ ಮಗ ಈಗಲೂ ನನಗೆ ಮೆಸೇಜ್ ಹಾಕುತ್ತಾರೆ, ನಿಮ್ಮ ಉಪಕಾರ ಮರೆಯುವುದಿಲ್ಲ ಎಂದು. ತಾವು ಕೇಳಿದ ಮೇಲಷ್ಟೇ ನನಗೆ ಹೊಳೆದದ್ದೆಂದು ಅಮ್ಮ ಮಗನಿಗೆ ಹೇಳಿಲ್ಲ. ನಾನೂ ಹೇಳಿಲ್ಲ.